ಎಕ್ಸಲೇಟರ್ ಒತ್ತಿದರೆ ಪಟ್ ಪಟ್: ನಾನು ಒರೆಸಿ ಬಿಟ್ಟ ಎಣ್ಣೆ

ಕಲಬುರಗಿಯಿಂದ ಗಾಣಗಾಪುರಕ್ಕೆ ಹೊರಟಿದ್ದೆವು. ಗಾಡಿ ತುಂಬಾ ಐದು ಜನ. ಮುಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್. ದಾಟಿ ಹೋಗೋಣ ಅಂತ ಮೂರನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದೆ. ಗಾಡಿ ಒಮ್ಮೆ ಜಗ್ಗಿತು, ಹಿಂದಿನಿಂದ ಪಟ್, ಪಟಪಟ್ ಅಂತ ಸದ್ದು. "ಟೈರ್ ಒಡೀತೇನೋ ತಮ್ಮಾ?" ಅಂದಳು ಅವ್ವ. ಕಾಲು ತೆಗೆದೆ, ಸದ್ದು ನಿಂತಿತು. ಮೆಲ್ಲಗೆ ಹೋದರೆ ಏನೂ ಇಲ್ಲ. ಆವತ್ತು ಬಹಳ ದೂರ ಕಬ್ಬಿನ ಹಿಂದೆಯೇ ಹೋದೆವು.

ನನ್ನದು 2013ರ ಪೆಟ್ರೋಲ್ ಗಾಡಿ. ನಾಲ್ಕು ಸಿಲಿಂಡರ್, ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡಲು ಒಂದು ಪ್ಲಗ್, ಒಂದೊಂದು ಪ್ಲಗ್ಗಿನ ಮೇಲೆ ಅದಕ್ಕೆ ಹೆಚ್ಚು ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್. ನಾನು ಮಿಸ್ತ್ರಿ ಅಲ್ಲ, ಆದರೆ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ.

ಊರಿಗೆ ಬಂದಮೇಲೆ ಸಲಹೆಗೆ ಬರವೇ ಇಲ್ಲ. ಪೆಟ್ರೋಲ್ ಕಲಬೆರಕೆ ಅಂದ ಒಬ್ಬ. ಸೈಲೆನ್ಸರ್ ತೂತಾಗಿದೆ ಅಂದ ಇನ್ನೊಬ್ಬ. ಒಂದು ಗ್ಯಾರೇಜಿನಲ್ಲಂತೂ ಬಾನೆಟ್ ಕೂಡ ಎತ್ತದೆ ಇಂಜೆಕ್ಟರ್ ಕ್ಲೀನಿಂಗ್‌ಗೆ ನಾಲ್ಕು ಸಾವಿರ ಅಂದರು. ಸುಮ್ನೆ ಗಾಡಿ ತಿರುಗಿಸಿಕೊಂಡು ಬಂದೆ.

ನಮ್ಮ ಓಣಿಯಲ್ಲಿ ಒಬ್ಬ ಹಳೇ ಮಿಸ್ತ್ರಿ ಕಾಕಾ ಇದ್ದಾರೆ. ಈಗ ಪಾನಾ ಹಿಡಿಯುವುದಿಲ್ಲ, ಕಿವಿ ಮಾತ್ರ ಚುರುಕು. ಅವರು ಕೇಳಿದ್ದು ಒಂದೇ: "ಸಪ್ಪಳ ಒಂದೇ ತಾಳಕ್ಕ ಬರ್ತದೋ, ಮನಸಿಗೆ ಬಂದಂಗ ಬರ್ತದೋ?"

ಇದು ಬಹಳ ಒಳ್ಳೆಯ ಪ್ರಶ್ನೆ. ಎಂಜಿನ್ ಪಕ್ಕದ, ಹೊಗೆ ಹೊರಗೆ ಒಯ್ಯುವ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ (ಸೋರದಂತೆ ಸಂದಿಯಲ್ಲಿ ಹಾಕುವ ಪದರ) ಸೋರುತ್ತಿದ್ದರೆ ಎಂಜಿನ್ ತಾಳಕ್ಕೆ ಸರಿಯಾಗಿ ಟಿಕ್ ಟಿಕ್ ಅನ್ನುತ್ತದೆ. ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದರೆ ಎಷ್ಟೋ ಸಲ ಕಡಿಮೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟ್ ಕಟ್ ಅಂದರೆ ಚಕ್ರದ ಕಡೆಯ ಆಕ್ಸಲ್ ಜಾಯಿಂಟ್ ನೋಡಬೇಕು. ನನ್ನದಕ್ಕೆ ತಾಳವೇ ಇರಲಿಲ್ಲ. ಜೊತೆಗೆ ಜಗ್ಗಾಟ. "ಮಿಸ್ಸಿಂಗ್ ಅದ. ಪ್ಲಗ್ ನೋಡು ಮೊದಲ" ಅಂದರು ಕಾಕಾ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಅಲ್ಲಿಯ ಪೆಟ್ರೋಲ್ ಉರಿಯದೆ ಹೊರಗೆ ಹೋಗುತ್ತದೆ, ಕಾದ ಸೈಲೆನ್ಸರ್ ಪೈಪಿನಲ್ಲಿ ಹೊತ್ತಿಕೊಳ್ಳುತ್ತದೆ. ಪಟಾಕಿ ಅದೇ.

ನಾಲ್ಕೂ ಪ್ಲಗ್ ಹೊಸದು ಹಾಕಿದೆ. ಎರಡನೇ ಕಾಯಿಲ್ ಎಳೆದಾಗ ಅದರ ಉದ್ದನೆಯ ರಬ್ಬರ್ ಬೂಟಿನ ತುದಿಗೆ ಎಣ್ಣೆ ಹತ್ತಿತ್ತು. ಬಟ್ಟೆಯಿಂದ ಒರೆಸಿ ಹಾಗೇ ಕೂರಿಸಿದೆ. ನಾನು ಮಾಡಿದ ತಪ್ಪು ಇದೊಂದೇ, ಮಾಡಿದ್ದು ಮಾತ್ರ ದೊಡ್ಡದೇ. ಎಂಟು ದಿನ ಗಾಡಿ ಹೂವಿನಂತೆ ಓಡಿತು. ಒಂಬತ್ತನೇ ದಿನ ರಿಂಗ್ ರೋಡಿನಲ್ಲಿ ಮತ್ತೆ ಪಟ್.

ಈ ಸಲ ಏಳುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲ್‌ನಲ್ಲಿ ನೋಡಿದರೆ ಪಿ0302, ಅಂದರೆ ಮಿಸ್ಸಿಂಗ್ ಕೋಡ್. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಎರಡನೇ ಕಾಯಿಲ್ ತೆಗೆದು ನಾಲ್ಕಕ್ಕೆ, ನಾಲ್ಕನೆಯದು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಒಂದು ಸುತ್ತು ಹೋಗಿಬಂದೆ. ಈಗ ಪಿ0304! ಕಾಯಿಲ್ ಜೊತೆಗೇ ರೋಗವೂ ಹೋಗಿತ್ತು. ಕೋಡ್ ಎರಡರಲ್ಲೇ ಉಳಿದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ನೋಡಬೇಕಿತ್ತು. ಪೈಸೆ ಖರ್ಚಿಲ್ಲದ ಪರೀಕ್ಷೆ ಅಲ್ವಾ?

ಅಂಗಳದ ಫರ್ಸಿ ಮೇಲೆ ಗಾಡಿ ನಿಲ್ಲಿಸಿ ಎಲ್ಲ ಬಿಚ್ಚಿ ಬೆಳಕಿಗೆ ಹಿಡಿದೆ. ಆ ಕಾಯಿಲ್‌ನ ಬೂಟ್ ಎಣ್ಣೆ ಕುಡಿದು ನೆನೆಸಿದ ತೊಗರಿಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಎರಡನೇ ಸಿಲಿಂಡರಿಗೆ ಹಾಕಿದ್ದ ಹೊಸ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಮೇಲಿಂದ ಕೆಳಗೆ ಸಣ್ಣ ಕಪ್ಪು ಗೆರೆ, ಪೆನ್ಸಿಲ್‌ನಿಂದ ಎಳೆದಂತೆ. ಕಿಡಿ ಓಡಿದ ದಾರಿ ಅದು. ಎಕ್ಸಲೇಟರ್ ಜೋರಾಗಿ ಒತ್ತಿದಾಗ ಸಿಲಿಂಡರಿನಲ್ಲಿ ಒತ್ತಡ ಏರುತ್ತದೆ, ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಸುಲಭದ ದಾರಿ ಸಿಕ್ಕರೆ ಅಲ್ಲೇ ಜಾರಿಕೊಳ್ಳುತ್ತದೆ. ಮೆಲ್ಲಗೆ ಹೋದಾಗ ಸುಮ್ಮನಿರುತ್ತಿದ್ದುದು ಇದಕ್ಕೇ.

ಟಾರ್ಚ್ ಬಿಟ್ಟು ನೋಡಿದರೆ ಎರಡನೇ ಪ್ಲಗ್ ಕುಳಿಯಲ್ಲಿ ಮತ್ತೆ ಎಣ್ಣೆ. ಬರುತ್ತಿದ್ದುದು ಮೇಲಿನ ಟ್ಯಾಪೆಟ್ ಕವರಿನಿಂದ. ಅದರ ಗ್ಯಾಸ್ಕೆಟ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಕೀಳುವಾಗ ಲಟಕ್ಕನೆ ಮುರಿಯಿತು. ಹೊಸ ಗ್ಯಾಸ್ಕೆಟ್, ಪ್ಲಗ್ ಕುಳಿಗಳ ಸುತ್ತಲಿನ ದುಂಡನೆಯ ಸೀಲ್‌ಗಳು, ಒಂದು ಕಾಯಿಲ್, ಒಂದು ಪ್ಲಗ್. ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಆಯಿತು.

ಮಾಡುವವರಿಗೆ ಒಂದೆರಡು ಮಾತು. ಪ್ಲಗ್ ಬಿಚ್ಚುವ ಮೊದಲೇ ಕುಳಿಯ ಎಣ್ಣೆಯನ್ನು ಸಿರಿಂಜ್‌ನಿಂದ ಎಳೆದು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಸಿಲಿಂಡರ್ ಒಳಗೆ ಇಳಿಯುತ್ತದೆ. ಎಂಜಿನ್ ತಣ್ಣಗಾಗಿರಲಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯುಮಿನಿಯಂ, ಥ್ರೆಡ್ ಹೋದರೆ ದೊಡ್ಡ ಖರ್ಚು. ಪ್ಲಗ್ ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಪಾನಾ. ಕವರ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಇನ್ನೊಂದು: ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಹಾಗೇ ಓಡಿಸಬೇಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಕುತ್ತದೆ. ಅದರ ಬೆಲೆ ಕೇಳಿದರೆ ಕಣ್ಣು ಕತ್ತಲೆ ಬರುತ್ತದೆ.

ಮರುದಿನ ನಸುಕಿನಲ್ಲಿ ರಿಂಗ್ ರೋಡಿಗೆ ಹೋಗಿ ಮೂರನೇ ಗೇರಿನಲ್ಲಿ ನಲವತ್ತರಿಂದ ಎಂಬತ್ತಕ್ಕೆ ಎಳೆದೆ. ಸದ್ದಿಲ್ಲ. ಒಂದು ತಿಂಗಳಾದ ಮೇಲೆ ಕಾಯಿಲ್ ಎತ್ತಿ ಕುಳಿಗೆ ಟಾರ್ಚ್ ಹಾಕಿದೆ, ಒಣಗಿತ್ತು.

ಪಟಾಕಿ ನಿಂತಮೇಲೆ ಈಗ ಇನ್ನೊಂದು ಕೇಳಿಸುತ್ತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸಣ್ಣಗೆ ಟಿಕ್ ಟಿಕ್, ಒಂದೇ ತಾಳಕ್ಕೆ. ಕಾಕಾ ಕಿವಿಗೊಟ್ಟು ನಕ್ಕರು. ಮುಂದಿನ ಭಾನುವಾರ ಮ್ಯಾನಿಫೋಲ್ಡ್ ಬಿಚ್ಚಬೇಕು.