ಉಡುಗೊರೆಯ ಹಂಗಿಗೆ ಬೀಳದೆ ಕೆಲಸ ಮಾಡುವುದು ಹೇಗೆ?

ಕೊಟೇಷನ್‌ಗಳನ್ನು ತೆರೆಯಲು ಇನ್ನು ಮೂರು ದಿನ ಇರುವಾಗ, ಅವುಗಳಲ್ಲೊಂದನ್ನು ಸಲ್ಲಿಸಿದ ಸರಬರಾಜುದಾರರ ಕಡೆಯವರು ಖರೀದಿ ವಿಭಾಗದ ಮೇಜಿನ ಮೇಲೆ ಕೈಗಡಿಯಾರದ ಪೆಟ್ಟಿಗೆಯೊಂದನ್ನಿಟ್ಟು, "ಏನಿಲ್ಲ ಸಾರ್, ಸುಮ್ಮನೆ ನೆನಪಿಗೆ" ಎನ್ನುತ್ತಾರೆ. ಪೆಟ್ಟಿಗೆ ಚಿಕ್ಕದು, ಮಾತು ಮೃದು. ಬೇಡವೆಂದು ಮುಖ ಮುರಿಯಲು ಮನಸ್ಸು ಬಾರದು. ಕೆಲಸದ ಜಾಗದಲ್ಲಿ ಲಂಚಕ್ಕೆ ದಾರಿಯಾಗುವುದು ಅನೇಕ ಸಲ ಈ ದಾಕ್ಷಿಣ್ಯವೇ. ಆದ್ದರಿಂದ ಇಂಥ ಗಳಿಗೆಯಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಮುಂಚೆಯೇ ನಿಶ್ಚಯಿಸಿಕೊಂಡಿರಬೇಕು.

ಮೊದಲು ಗಮನಿಸಬೇಕಾದುದು ವಸ್ತುವಿನ ಬೆಲೆಗಿಂತ ಅದು ಬಂದ ಸಮಯವನ್ನು. ಕೊಟ್ಟವರಿಗೆ ಸಂಬಂಧಿಸಿದ ಟೆಂಡರ್, ಗುತ್ತಿಗೆಯ ನವೀಕರಣ, ಬಿಲ್ಲಿನ ಮಂಜೂರಾತಿ ಅಥವಾ ತಪಾಸಣೆಯ ತೀರ್ಮಾನ ನಿಮ್ಮ ಕೈಯಲ್ಲಿ ಬಾಕಿ ಇದ್ದರೆ, ಉಡುಗೊರೆ ಎಷ್ಟೇ ಅಗ್ಗದ್ದಾಗಿರಲಿ, ತೆಗೆದುಕೊಳ್ಳಬಾರದು. ಏನೂ ಬಾಕಿ ಇಲ್ಲದಿದ್ದರೆ ಮಾತ್ರ ಸಂಸ್ಥೆ ನಿಗದಿಪಡಿಸಿದ ಬೆಲೆಯ ಮಿತಿಯನ್ನು ನೋಡಬಹುದು. ಒಬ್ಬರೇ ವರ್ಷದಲ್ಲಿ ಹಲವು ಬಾರಿ ಕೊಟ್ಟ ಸಣ್ಣಪುಟ್ಟ ವಸ್ತುಗಳನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ನಗದು, ಗಿಫ್ಟ್ ಕಾರ್ಡ್, ಕೈಸಾಲಗಳಿಗೆ ಈ ಮಿತಿಯ ಮಾತೇ ಇಲ್ಲ, ಅವು ಎಂದಿಗೂ ಬೇಡ. ಮನೆಯವರ ಹೆಸರಿಗೆ ಬಂದದ್ದೂ ನಿಮಗೇ ಬಂದದ್ದೆಂದು ತಿಳಿಯಬೇಕು.

ನಿರಾಕರಿಸುವಾಗ ನೆಪ ಹೇಳಬೇಡಿ. "ಈಗ ಬೇಡ" ಎಂಬ ಮಾತು "ಆಮೇಲೆ ತನ್ನಿ" ಎಂದು ಕೇಳಿಸುತ್ತದೆ. "ನಿಮ್ಮ ವಿಶ್ವಾಸ ದೊಡ್ಡದು, ಆದರೆ ನಮ್ಮ ಸಂಸ್ಥೆಯ ನಿಯಮದಂತೆ ಇದನ್ನು ತೆಗೆದುಕೊಳ್ಳಲಾರೆ, ದಯವಿಟ್ಟು ತಪ್ಪು ತಿಳಿಯಬೇಡಿ" ಎಂದರೆ ಸಾಕು. ನೀವಿಲ್ಲದಾಗ ಇಟ್ಟುಹೋಗಿದ್ದರೆ ಪೊಟ್ಟಣವನ್ನು ಬಿಚ್ಚದೆ ಫೋಟೊ ತೆಗೆದು, ಅಂದೇ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆದು ಹಿಂದಿರುಗಿಸಬೇಕು.

ಇನ್ನು ಉಡುಗೊರೆಗಳ ರಿಜಿಸ್ಟರ್. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಬೆನ್ನೆಲುಬು ಇದೇ. ದಿನಾಂಕ, ಕೊಟ್ಟವರು, ವಸ್ತು, ಅಂದಾಜು ಬೆಲೆ, ಕೊಟ್ಟವರೊಂದಿಗೆ ಆ ಸಮಯದಲ್ಲಿ ಇದ್ದ ವ್ಯವಹಾರ, ತೆಗೆದುಕೊಂಡ ಕ್ರಮ, ಒಪ್ಪಿಗೆ ಕೊಟ್ಟವರ ಸಹಿ ಇಷ್ಟೂ ಅದರಲ್ಲಿರಬೇಕು. ಬೇಡವೆಂದು ಹಿಂದಿರುಗಿಸಿದ್ದನ್ನೂ ಬರೆಯಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಒಬ್ಬರೇ ಸರಬರಾಜುದಾರರು ಮೂರು ವಿಭಾಗಗಳಿಗೆ ಒಂದೇ ತಿಂಗಳಲ್ಲಿ ಪೆಟ್ಟಿಗೆ ಕಳುಹಿಸಿದ್ದು ಬೆಳಕಿಗೆ ಬರುವುದು ಇಂಥ ನಮೂದುಗಳನ್ನು ಒಟ್ಟಿಗೆ ಓದಿದಾಗಲೇ. ರಿಜಿಸ್ಟರಿನಲ್ಲಿ ಬರೆಯಲು ಕೈ ಹಿಂಜರಿಯಿತೆಂದರೆ ಆ ವಸ್ತುವನ್ನು ಇಟ್ಟುಕೊಳ್ಳಬಾರದೆಂದೇ ಅರ್ಥ.

ಊಟೋಪಚಾರಕ್ಕೂ ಇದೇ ಅಳತೆ ಅನ್ವಯಿಸುತ್ತದೆ. ಕೆಲಸದ ಮಾತುಕತೆಯ ನಡುವೆ ಆತಿಥೇಯರೊಂದಿಗೆ ಕುಳಿತು ಮಾಡುವ ಸಾಧಾರಣ ಊಟದಲ್ಲಿ ದೋಷವಿಲ್ಲ. ಆತಿಥೇಯರೇ ಬಾರದೆ ಟಿಕೆಟ್ಟು ಮಾತ್ರ ಕಳುಹಿಸಿದರೆ, ಒಂದು ದಿನದ ಕಾರ್ಖಾನೆ ಭೇಟಿಗೆ ಎರಡು ದಿನದ ವಿಹಾರವನ್ನು ಜೋಡಿಸಿದರೆ, ಅಥವಾ ಕುಟುಂಬವನ್ನೂ ಕರೆದರೆ, ಅದು ಆತಿಥ್ಯದ ಗಡಿ ದಾಟಿತು. ಭೇಟಿ ನಿಜಕ್ಕೂ ಅಗತ್ಯವಿದ್ದರೆ ಪ್ರಯಾಣದ ವೆಚ್ಚವನ್ನು ನಿಮ್ಮ ಸಂಸ್ಥೆಯೇ ಭರಿಸಲಿ.

ಆಡಳಿತದ ಹೊಣೆ ಇನ್ನೂ ದೊಡ್ಡದು. ಬ್ರಿಟನ್ನಿನ 2010ರ ಲಂಚ ಕಾಯ್ದೆಯ ಪ್ರಕಾರ, ಸಂಸ್ಥೆಯ ಪರವಾಗಿ ಕೆಲಸ ಮಾಡುವವರು ಅದರ ಲಾಭಕ್ಕಾಗಿ ಲಂಚ ಕೊಟ್ಟರೆ, ಅದನ್ನು ತಡೆಯಲು ತಕ್ಕ ಕ್ರಮಗಳನ್ನು ಮೊದಲೇ ಕೈಗೊಂಡಿದ್ದುದನ್ನು ಸಾಬೀತುಪಡಿಸದ ಹೊರತು ಸಂಸ್ಥೆಯೂ ಅಪರಾಧಿಯಾಗುತ್ತದೆ. ಲಂಚ ತಡೆ ವ್ಯವಸ್ಥೆಗೆಂದೇ 2016ರಲ್ಲಿ ಐಎಸ್ಒ 37001 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂದಿದೆ. ಸರಬರಾಜುದಾರರ ಆಯ್ಕೆ ಮತ್ತು ಬಿಲ್ಲಿನ ಮಂಜೂರಾತಿ ಒಬ್ಬರ ಕೈಯಲ್ಲೇ ಉಳಿಯದಂತೆ ನೋಡಿಕೊಳ್ಳುವುದು, ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ಕಾಯುವುದು ಆಡಳಿತದ ಕರ್ತವ್ಯ.

ಉಡುಗೊರೆ ಕೊಡುವವರು ನೀವಾದಾಗ, ಪಡೆಯುವವರ ಕಚೇರಿಯ ನಿಯಮವನ್ನು ಮೊದಲೇ ವಿಚಾರಿಸಿ. ಮಧ್ಯವರ್ತಿಗಳ ಮೂಲಕ ಕೊಡಿಸಿದರೆ ಹೊಣೆ ತಪ್ಪುವುದಿಲ್ಲ. ಕಡತ ಬೇಗ ಸಾಗಲೆಂದು ಕೆಳಹಂತದ ಸಿಬ್ಬಂದಿಗೆ ಕೊಡುವ ಚಿಲ್ಲರೆ ಹಣಕ್ಕೆ ಅಮೆರಿಕದ 1977ರ ವಿದೇಶಿ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಕಿರಿದಾದ ವಿನಾಯಿತಿ ಇದ್ದರೂ ಬ್ರಿಟನ್ನಿನ ಕಾಯ್ದೆಯಲ್ಲಿ ಅದೂ ಲಂಚವೇ. ಅಂಥ ಹಣ ಕೇಳಿದವರಿಗೆ, ಅಧಿಕೃತ ಶುಲ್ಕವಾದರೆ ರಸೀದಿ ಕೊಡಿ ಎನ್ನಿ. ಪ್ರಾಣಕ್ಕೇ ಬೆದರಿಕೆ ಇರುವ ಕಡೆ ಮಾತ್ರ ವಾದಕ್ಕಿಳಿಯದೆ ಕೊಟ್ಟು ಪಾರಾಗಿ, ಸುರಕ್ಷಿತ ಸ್ಥಳ ತಲುಪಿದ ಕೂಡಲೇ ನಡೆದದ್ದನ್ನೆಲ್ಲ ಸಂಸ್ಥೆಗೆ ಬರೆದು ತಿಳಿಸಿ.