ಔಷಧ ವ್ಯಾಪಾರಿಗಳ ಸಂಘದ ಕಚೇರಿಯಲ್ಲಿ ಆರು ವರ್ಷ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಔಷಧ ಅಂಗಡಿ ಇಟ್ಟುಕೊಂಡಿರುವ ನಾನು ಔಷಧ ವ್ಯಾಪಾರಿಗಳ ಸಂಘವೊಂದಕ್ಕೆ ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಅಧಿಕಾರ ವಹಿಸಿಕೊಂಡ ದಿನ ನನ್ನ ಕೈಗೆ ಬಂದದ್ದು ಬೀರುವಿನ ಕೀಲಿ, ಅರ್ಧ ಮುಗಿದ ರಸೀದಿ ಪುಸ್ತಕ ಮತ್ತು ತೀರಿಹೋದವರ ಹೆಸರೂ ಉಳಿದುಕೊಂಡಿದ್ದ ಸದಸ್ಯರ ಪಟ್ಟಿ.

ಕಾಗದದ ಮೇಲೆ ಕೊರತೆಯೇನೂ ಇರಲಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸಂಘಕ್ಕೆ ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಖಜಾಂಚಿ, ತಾಲ್ಲೂಕಿಗೊಬ್ಬ ನಿರ್ದೇಶಕರು ಇದ್ದರು. (ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಯಿಂದ ಆಗ ಬಳ್ಳಾರಿ ಜಿಲ್ಲೆಗೆ ಸೇರಿದ ಮೇಲೂ ಅಲ್ಲಿನ ನಿರ್ದೇಶಕರು ಕೆಲಕಾಲ ಸಭೆಗೆ ಬರುತ್ತಿದ್ದರು, ಬರಬೇಡಿ ಎನ್ನಲು ನಮಗೆ ಮನಸ್ಸಾಗಲಿಲ್ಲ.) ಆದರೆ ಎಲ್ಲರೂ ಹಗಲೆಲ್ಲ ತಮ್ಮ ಗಲ್ಲಾದ ಮುಂದೆ ಕೂರಬೇಕಾದವರೇ ಆದ್ದರಿಂದ, ಕಚೇರಿಯ ಬಾಗಿಲು ಸಭೆಯ ದಿನ ಮಾತ್ರ ತೆರೆಯುತ್ತಿತ್ತು.

ಸಂಬಳಕ್ಕೊಬ್ಬರನ್ನು ನೇಮಿಸೋಣ ಎಂದಾಗ ಸದಸ್ಯರ ಚಂದಾ ಹಣ ಸಂಬಳಕ್ಕೇ ಕರಗುತ್ತದೆ ಎಂಬ ಆಕ್ಷೇಪ ಬಂತು. ಕೊನೆಗೆ ಮಧ್ಯಾಹ್ನದವರೆಗಿನ ಕೆಲಸಕ್ಕೆ ಬಿ.ಕಾಂ. ಓದಿದ ಹೆಣ್ಣುಮಗಳೊಬ್ಬರನ್ನು ತೆಗೆದುಕೊಂಡೆವು. ಅವರಿಗೆ ನಾನು ಮೊದಲು ಒಪ್ಪಿಸಿದ ಕೆಲಸ ಒಂದು ದಪ್ಪ ರಿಜಿಸ್ಟರ್: ಪ್ರತಿ ಅಂಗಡಿಯ 20 ಮತ್ತು 21ನೇ ನಮೂನೆಯ (ಚಿಲ್ಲರೆ ಔಷಧ ಮಾರಾಟದ) ಪರವಾನಗಿ ಸಂಖ್ಯೆ, ಫಾರ್ಮಸಿಸ್ಟರ ನೋಂದಣಿ ಸಂಖ್ಯೆ, ಶುಲ್ಕ ಕಟ್ಟಬೇಕಾದ ಕೊನೆಯ ದಿನ. 2017ರಲ್ಲಿ ನಿಯಮ ಬದಲಾಗಿ ಪರವಾನಗಿ ನವೀಕರಣದ ಬದಲು ಐದು ವರ್ಷಕ್ಕೊಮ್ಮೆ ಅದನ್ನು ಉಳಿಸಿಕೊಳ್ಳಲು ಕಟ್ಟುವ ಶುಲ್ಕ ಬಂದಾಗ, ಇನ್ನು ನವೀಕರಣವೇ ಇಲ್ಲವೆಂದು ಹಲವರು ನಿಶ್ಚಿಂತರಾದರು. ಗಡುವು ಮೀರಿದರೆ ತಿಂಗಳಿಗೆ ಶೇ. 2ರಷ್ಟು ದಂಡ, ಆರು ತಿಂಗಳು ದಾಟಿದರೆ ಪರವಾನಗಿ ರದ್ದಾದಂತೆಯೇ ಎಂಬುದನ್ನು ಆಕೆ ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿದರು. ಜಗಳೂರಿನ ಅಂಗಡಿಯವರೊಬ್ಬರು ಗಡುವಿಗೆ ಎರಡು ದಿನವಿರುವಾಗ ಹಣ ಕಟ್ಟಿ, ಮರುವಾರ ಕಚೇರಿಗೆ ಬಂದು ಮೂರು ವರ್ಷದ ಬಾಕಿ ಚಂದಾವನ್ನೂ ಕೊಟ್ಟು ಹೋದರು. ಸಂಬಳದ ಆಕ್ಷೇಪ ಅಲ್ಲಿಗೆ ನಿಂತಿತು.

ಹೋಲ್‌ಸೇಲ್‌ನವರೂ ಚಿಲ್ಲರೆಯವರೂ ಒಂದೇ ಸಂಘದಲ್ಲಿರುವುದರಿಂದ ಅವಧಿ ಮೀರಿದ ಮಾಲನ್ನು ವಾಪಸ್ ಪಡೆಯುವ ಜಗಳ ಪ್ರತಿ ಸಭೆಯಲ್ಲೂ ಏಳುತ್ತಿತ್ತು. ಎರಡೂ ಕಡೆಯಿಂದ ಇಬ್ಬಿಬ್ಬರ ಉಪಸಮಿತಿ ಮಾಡಿ, ದೂರು ಬರಹದಲ್ಲೇ ಇರಬೇಕು, ಬಿಲ್ಲಿನ ಪ್ರತಿ ಜೊತೆಗಿರಬೇಕು ಎಂದು ನಿಗದಿಪಡಿಸಿದ ಮೇಲೆ ಅರ್ಧದಷ್ಟು ದೂರುಗಳು ಬರುವುದೇ ನಿಂತವು. ಚಿಲ್ಲರೆಯವನಾದ ನಾನೇ ಹೇಳುತ್ತೇನೆ, ಬಿಲ್ಲು ಜೋಪಾನ ಮಾಡದವರು ನಮ್ಮಲ್ಲೇ ಹೆಚ್ಚು.

ಒಂದು ವಿಷಯದಲ್ಲಿ ಮಾತ್ರ ನಾನು ಮಣಿಯಲಿಲ್ಲ. ಹೊಸ ಸ್ಟಾಕಿಸ್ಟರನ್ನು (ಕಂಪನಿಯ ಮಾಲನ್ನು ಸಗಟಾಗಿ ವಿತರಿಸುವವರನ್ನು) ನೇಮಿಸುವ ಮುನ್ನ ಕಂಪನಿಗಳು ಸಂಘದ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂಬ ಠರಾವು ಬೇಕೆಂದು ಕೆಲವರು ಹಟ ಹಿಡಿದರು. ಅಂಥ ಪದ್ಧತಿ 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ ಔಷಧ ವ್ಯಾಪಾರಿ ಸಂಘಗಳ ಪ್ರಕರಣಗಳಲ್ಲಿ ಆದೇಶಿಸಿದೆ. ಸಂಘಕ್ಕೆ ಮಾತ್ರವಲ್ಲ, ಪದಾಧಿಕಾರಿಗಳಿಗೂ ದಂಡ ಬೀಳಬಹುದು. ಇದನ್ನು ಓದಿ ಹೇಳಿ, ಠರಾವನ್ನು ನಡಾವಳಿ ಪುಸ್ತಕಕ್ಕೆ ಏರಿಸಲು ಒಪ್ಪಲಿಲ್ಲ. ಮುಂದಿನ ಚುನಾವಣೆಯಲ್ಲಿ ನನ್ನ ಮತಗಳು ಇಳಿದವು, ಆದರೂ ಗೆದ್ದೆ.

ಹೊಸ ಕಾರ್ಯದರ್ಶಿಗೆ ಕೀಲಿ ಒಪ್ಪಿಸಿದಾಗ ರಿಜಿಸ್ಟರ್ ಎರಡನೇ ಸಂಪುಟಕ್ಕೆ ಬಂದಿತ್ತು. ಅದನ್ನು ಬರೆಯುತ್ತಿದ್ದ ಆ ಹೆಣ್ಣುಮಗಳ ಕೆಲಸವನ್ನು ಪೂರ್ಣಾವಧಿಗೆ ಏರಿಸುವ ವಿಷಯ ಆ ದಿನದ ಸಭೆಯಲ್ಲಿ ಮತ್ತೆ ಮುಂದಕ್ಕೆ ಹೋಯಿತು.