ಕಿರಿದಾದ ಗುಡ್ಡದ ರಸ್ತೆ, ಬೆನ್ನ ಹಿಂದೆ ಕಾರು: ದ್ವೀಪದಲ್ಲಿ ಸೈಕಲ್ ಹೊಡೆಯುವುದು ಹೇಗೆ?

ದ್ವೀಪ ಅಂದ ಕೂಡಲೇ ಕಡಲ ಪಕ್ಕದ ಸಮತಟ್ಟು ರಸ್ತೆ ಕಣ್ಣಿಗೆ ಬರುತ್ತದೆ. ಗುಡ್ಡಗಳಿರುವ ದ್ವೀಪದಲ್ಲಿ ಹಾಗಿರುವುದಿಲ್ಲ. ರಸ್ತೆ ಒಂದೊಂದು ಕೊಲ್ಲಿಗೂ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಬಸ್ಸು, ಟ್ರ್ಯಾಕ್ಟರು, ಪ್ರವಾಸಿಗರ ಕಾರು, ಎಲ್ಲಕ್ಕೂ ಅದೊಂದೇ ದಾರಿ. ಎರಡೂ ಕಡೆ ಕಲ್ಲಿನ ಗೋಡೆಯೋ ಪೊದೆಯೋ ಇರುತ್ತದೆ. ಇಂಥ ಕಡೆ ಸೈಕಲ್ ಹೊಡೆಯುವವರಿಗೆ ನಾನು ಮೊದಲು ಹೇಳುವ ಮಾತು ಇದು: ಹಿಂದಿನ ವಾಹನಕ್ಕೆ ಎಲ್ಲಿ ದಾರಿ ಬಿಡಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ.

ಹೊರಡುವ ಮುಂಚೆ

ಹವಾಮಾನ ನೋಡುವ ಹಾಗೆ ಹಡಗಿನ ವೇಳಾಪಟ್ಟಿಯನ್ನೂ ನೋಡಿ. ವಾಹನ ಸಾಗಿಸುವ ಹಡಗು ದಡ ಮುಟ್ಟಿತು ಅಂದರೆ ಅದರೊಳಗಿದ್ದ ಕಾರು, ಲಾರಿ ಎಲ್ಲ ಒಟ್ಟಿಗೆ ರಸ್ತೆಗೆ ಬೀಳುತ್ತವೆ. ಅರ್ಧ ಗಂಟೆ ತಡೆದು ಹೊರಟರೆ ಅದೇ ರಸ್ತೆ ಎಷ್ಟೋ ಹಗುರ. ಹಡಗು ಬಿಡುವ ಹೊತ್ತಿಗೆ ಮುಂಚಿನ ಸಮಯ ಇನ್ನೂ ಕೆಟ್ಟದ್ದು. ತಡವಾದವರು ಓಡಿಸುವ ರೀತಿಯೇ ಬೇರೆ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿಲಿನ ದಿನ ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಿನಿಂದ ಗಾಳಿ ಒಳಕ್ಕೆ ಬೀಸುತ್ತದೆ. ಗುಡ್ಡದ ಮರೆಯಲ್ಲಿ ಹೋಗುತ್ತಿರುವವರು ಬಯಲಿಗೆ ಬಂದ ಕೂಡಲೇ ಅದು ಅಡ್ಡಕ್ಕೆ ತಳ್ಳುತ್ತದೆ. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.

ಗೇರ್ ವಿಷಯದಲ್ಲಿ ಒಣ ಹಟ ಬೇಡ. ಮುಂದಿನ ಚಿಕ್ಕ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡದರಲ್ಲೂ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ. 100 ಮೀಟರಿಗೆ 10 ಮೀಟರ್ ಏರುವ ರಸ್ತೆಗೆ ಅಷ್ಟಾದರೂ ಹಗುರ ಗೇರ್ ಬೇಕೇಬೇಕು. ಹಗಲಲ್ಲೂ ಹಿಂದಿನ ದೀಪ ಹಾಕಿ. ಮರದ ನೆರಳಿಗೆ ಹೋದ ಕೂಡಲೇ ಬಿಸಿಲಿಂದ ಬಂದ ಚಾಲಕರ ಕಣ್ಣಿಗೆ ನೀವು ಕಾಣುವುದಿಲ್ಲ. ಹ್ಯಾಂಡಲ್‌ಗೆ ಪುಟ್ಟ ಕನ್ನಡಿಯೂ ಇರಲಿ. ಗಾಳಿ ಕಿವಿ ತುಂಬಿದಾಗ ಎಲೆಕ್ಟ್ರಿಕ್ ಕಾರಿನ ಸದ್ದು ಕೇಳಿಸುವುದೇ ಇಲ್ಲ.

ರಸ್ತೆಯ ಯಾವ ಜಾಗದಲ್ಲಿ?

ಹೊಸಬರು ಹೆದರಿ ರಸ್ತೆಯ ಅಂಚಿಗೆ ಅಂಟಿಕೊಳ್ಳುತ್ತಾರೆ. ಅಪಾಯ ಇರುವುದೇ ಅಲ್ಲಿ. ಲೆಕ್ಕ ಹಾಕಿ ನೋಡಿ. ರಸ್ತೆಯ ಅಗಲ 3 ಮೀಟರ್ ಅಂತಿಟ್ಟುಕೊಳ್ಳಿ. ಅಂಚಿನಿಂದ ಅರ್ಧ ಮೀಟರ್ ಬಿಟ್ಟಿರಿ. ನಿಮ್ಮ ಹ್ಯಾಂಡಲ್ ಅಗಲ ಅರ್ಧ ಮೀಟರಿಗಿಂತ ಜಾಸ್ತಿ. ಕನ್ನಡಿ ಸೇರಿ ಕಾರಿಗೆ ಹತ್ತಿರಹತ್ತಿರ 2 ಮೀಟರ್. ನಡುವೆ ಒಂದು ಗೇಣೂ ಬಿಡದಿದ್ದರೂ ರಸ್ತೆ ಮುಗಿದೇ ಹೋಯಿತು, ಅಲ್ವಾ? ಆದರೆ ನೀವು ಅಂಚಿನಲ್ಲಿದ್ದರೆ ಹಿಂದಿನವರಿಗೆ 'ನುಗ್ಗಬಹುದು' ಅನ್ನಿಸುತ್ತದೆ. ನಡುವಿಗೆ ಬಂದರೆ ಕಾಯಬೇಕು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ 2022ರಲ್ಲಿ ಬದಲಾದಾಗ ಇದನ್ನೇ ಸ್ಪಷ್ಟವಾಗಿ ಬರೆಯಿತು. ರಸ್ತೆ ಕಿರಿದಾಗುವಲ್ಲಿ ಸೈಕಲ್ ಸವಾರರು ತಮ್ಮ ಲೇನಿನ ನಡುವೆ ಹೋಗಬಹುದು. ವಾಹನಗಳು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು. ಜರ್ಮನಿಯಲ್ಲಿ ಊರ ಹೊರಗೆ ಈ ಅಂತರ 2 ಮೀಟರ್.

ಆದ್ದರಿಂದ ಕುರುಡು ತಿರುವು ಬರುವ ಮುಂಚೆ, ದಿಣ್ಣೆಯ ನೆತ್ತಿ ಬರುವ ಮುಂಚೆ ಒಮ್ಮೆ ಹಿಂದೆ ನೋಡಿ ನಿಧಾನಕ್ಕೆ ನಡುವಿಗೆ ಸರಿಯಿರಿ. ಹಿಂದಿರುವ ಕಾರು ಆಗ ನಿಮ್ಮನ್ನು ದಾಟಲು ಹೋಗದು. ಎದುರಿನಿಂದ ಬರುವವರಿಗೂ ನೀವು ಬೇಗ ಕಾಣುತ್ತೀರಿ. ಎದುರು ವಾಹನ ಕಂಡ ಕೂಡಲೇ ನಿಮ್ಮ ಬದಿಗೆ ಬನ್ನಿ.

ಹತ್ತುವಾಗ

ಏರಿನಲ್ಲಿ ವೇಗ ಇಳಿದಷ್ಟೂ ಸೈಕಲ್ ಅತ್ತಿತ್ತ ತೂಗಾಡುತ್ತದೆ. ಹಾಗಾಗಿ ಆಗಲೇ ನಿಮಗೆ ಜಾಸ್ತಿ ಜಾಗ ಬೇಕು. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಅರ್ಧ ಹತ್ತಿದ ಮೇಲೆ ಒತ್ತಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಟಕಟ ಅಂದು ಜಾರುತ್ತದೆ, ಸೈಕಲ್ ನಿಂತುಬಿಡುತ್ತದೆ, ಹಿಂದೆ ಕಾರು ಇರುತ್ತದೆ. ಇಳಿದು ತಳ್ಳಿಕೊಂಡು ಹೋಗುವುದು ಸೋಲಲ್ಲ.

ಇಳಿಯುವಾಗ

ನನಗೆ ಹತ್ತುವುದಕ್ಕಿಂತ ಭಯ ಇಳಿಯುವುದೇ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತೀರಿ. ಬ್ರೇಕ್ ಹಿಡಿಯಬೇಕು ಅಂತ ತಲೆಗೆ ಹೊಳೆಯುವುದರೊಳಗೆ ಅಷ್ಟು ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಒಂದೇ ವಾಹನ ಹಿಡಿಸುವ ರಸ್ತೆಯಲ್ಲಿ, ಕಾಣುವಷ್ಟು ದೂರದ ಅರ್ಧದೊಳಗೆ ನಿಲ್ಲುವಂತಿರಬೇಕು. ಮಿಕ್ಕ ಅರ್ಧ ಎದುರಿನವರಿಗೆ ಬೇಕು.

ಬ್ರೇಕನ್ನು ಇಡೀ ಇಳಿಜಾರು ಒತ್ತಿಯೇ ಇರಬೇಡಿ. ರಿಮ್ ಹಿಡಿಯುವ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಉದ್ದನೆಯ ಇಳಿಜಾರಿನಲ್ಲಿ ಒಮ್ಮೆ ನನಗೆ ಸುಟ್ಟ ರಬ್ಬರಿನ ವಾಸನೆ ಬಂತು. ನಿಲ್ಲಿಸಿ ರಿಮ್ ಮುಟ್ಟಿದರೆ ಬೆರಳು ಚುರ್ ಅಂದಿತು. ಆವತ್ತಿನಿಂದ ಗಟ್ಟಿಯಾಗಿ ಹಿಡಿದು ವೇಗ ಇಳಿಸುತ್ತೇನೆ, ಪೂರ್ತಿ ಬಿಡುತ್ತೇನೆ, ಮತ್ತೆ ಹಿಡಿಯುತ್ತೇನೆ. ಮೈಭಾರ ಸೀಟಿನ ಹಿಂದಕ್ಕೆ ಸರಿಸಿ, ಎರಡೂ ಬ್ರೇಕ್ ಬಳಸಿ. ತಿರುವಿಗೆ ಮುಂಚೆಯೇ ನಿಧಾನವಾಗಿ. ತಿರುವಿನೊಳಗೆ ಜಲ್ಲಿ, ಒದ್ದೆ ಎಲೆ, ಟ್ರ್ಯಾಕ್ಟರಿನಿಂದ ಬಿದ್ದ ಮಣ್ಣು ಇರಬಹುದು.

ದಾರಿ ಬಿಡುವುದು

ಹಿಂದೆ ವಾಹನ ಸಾಲುಗಟ್ಟಿದರೆ ಗಾಬರಿಯಾಗಿ ಪೊದೆಗೆ ನುಗ್ಗಬೇಡಿ. ಮುಂದೆ ಎಲ್ಲಿ ರಸ್ತೆ ಅಗಲವಾಗಿದೆ ಅಂತ ನೋಡಿಕೊಳ್ಳಿ. ಹೊಲದ ಗೇಟು, ಬಸ್ ನಿಲ್ಲುವ ಜಾಗ, ವಾಹನ ಸರಿದು ನಿಲ್ಲಲೆಂದೇ ಮಾಡಿದ ಅಗಲ, ಯಾವುದಾದರೂ ಆದೀತು. ಅಲ್ಲಿಯವರೆಗೆ ನಿಮ್ಮ ಜಾಗ ಬಿಡಬೇಡಿ. ಹತ್ತಿರ ಬರುತ್ತಿದ್ದಂತೆ ಕೈ ತೋರಿಸಿ, ನಿಲ್ಲುವ ಮುಂಚೆಯೇ ಹಗುರ ಗೇರಿಗೆ ಬನ್ನಿ. ನಿಂತ ಮೇಲೆ ಬಹಳಷ್ಟು ಸೈಕಲ್‌ಗಳಲ್ಲಿ ಗೇರ್ ಬದಲಾಗುವುದಿಲ್ಲ. ಬಸ್ಸು, ಲಾರಿ ತಿರುಗುತ್ತಿದ್ದರೆ ಅದರ ಒಳಬದಿಗೆ ಮಾತ್ರ ಹೋಗಲೇಬೇಡಿ. ಹಿಂದಿನ ಚಕ್ರ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ.

ಒಂದು ಕಾಲು ನೆಲಕ್ಕೂರಿ, ಕೈ ಬೀಸಿ ಎಲ್ಲರನ್ನೂ ಕಳಿಸಿ. ಕೊನೆಯ ಕಾರು ಹೋಯಿತು ಅನ್ನಿಸಿದರೂ ಕತ್ತು ತಿರುಗಿಸಿ ಇನ್ನೊಮ್ಮೆ ನೋಡಿ. ಯಾರೂ ಇಲ್ಲದಿದ್ದರೆ ಒಂದು ಪೆಡಲ್ ಮೇಲಕ್ಕೆ ತಂದಿಟ್ಟುಕೊಂಡು ಹೊರಡಿ.